ಕೆರೆಗೆ ಯಾವ ಯಂತ್ರ ಹಾಕಿಸಬೇಕು ಎಂದು ಕೇಳುವ ಮೊದಲು

ಬಡಾವಣೆಯ ಕೆರೆ ನಾರುತ್ತಿದೆ, ಸಂಘದಲ್ಲಿ ಒಂದಿಷ್ಟು ಹಣ ಕೂಡಿದೆ. ನೀರಿಗೆ ಗಾಳಿ ಬೆರೆಸುವ ಸೌರಶಕ್ತಿಯ ಏರೇಟರ್, ಸೂಕ್ಷ್ಮಜೀವಿಗಳ ಪುಡಿ, ತೇಲುವ ಗಿಡಗಳ ತೆಪ್ಪ, ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ ಕೆರೆ ಸಮಿತಿಯ ಖಜಾಂಚಿಯಾಗಿದ್ದಾಗ ಇದೇ ಮೂರಕ್ಕೆ ನಾನೂ ಕೊಟೇಶನ್ ತರಿಸಿದ್ದೆ. ನಾವು ಆರಿಸಿದ್ದು ಸೌರ ಏರೇಟರ್. ಯಂತ್ರದಲ್ಲಿ ದೋಷವಿರಲಿಲ್ಲ, ಈಗಲೂ ತಿರುಗುತ್ತಿದೆ. ಆದರೆ ಅದನ್ನು ಹಾಕಿಸಿದ ಮೇಲಿನ ಮೊದಲ ಬೇಸಿಗೆಯಲ್ಲೇ ಎರಡು ದಿನ ಮೋಡ ಮುಚ್ಚಿಕೊಂಡಿತು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಕೆರೆಯ ಮೀನು ಸತ್ತು ದಡಕ್ಕೆ ಬಂದು ಬಿದ್ದಿತ್ತು.

ಎಲ್ಲಿ ತಪ್ಪಿದೆವು ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ, ನೀವು ಇದೇ ಹಾದಿಯಲ್ಲಿದ್ದೀರಿ ಎಂದು ನಿಮ್ಮ ಪ್ರಶ್ನೆಯೇ ಹೇಳುತ್ತಿದೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಮೀಟರ್ ನಮ್ಮಲ್ಲಿ ಇತ್ತು. ಯಂತ್ರ ಬರುವ ಮುಂಚೆ ಪ್ರಯೋಗಾಲಯದವರು ಬೆಳ್ಳಂಬೆಳಿಗ್ಗೆ ಬಂದು ಅಳೆದಿದ್ದರು. ಲೀಟರಿಗೆ ಎರಡು ಮಿಲಿಗ್ರಾಂ ಆಸುಪಾಸು ಇತ್ತು. ಯಂತ್ರ ಬಂದ ಮೇಲೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ತಿಂಡಿ ಮುಗಿಸಿ ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ, ಏರೇಟರಿನ ಹತ್ತಿರದ ಕಟ್ಟೆಯ ಮೇಲಿಂದ ಮೀಟರಿನ ತಂತಿಯನ್ನು ನೀರಿಗೆ ಇಳಿಬಿಡುತ್ತಿದ್ದೆ. ಒಂಬತ್ತು ತೋರಿಸುತ್ತಿತ್ತು, ಕೆಲವೊಮ್ಮೆ ಹನ್ನೊಂದು. ಎರಡು ಇದ್ದದ್ದು ಹನ್ನೊಂದಾಗಿದೆ ಎಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಸಂಭ್ರಮಪಟ್ಟರು.

ಆ ಹನ್ನೊಂದು ಎಂಬ ಅಂಕಿಯೇ ನನ್ನನ್ನು ಎಚ್ಚರಿಸಬೇಕಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ 25 ಡಿಗ್ರಿ ಉಷ್ಣತೆಯ ನೀರು ಗಾಳಿಯಿಂದ ಹೀರಿಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಏಳೂವರೆ ಮಿಲಿಗ್ರಾಂ ಹತ್ತಿರ. ಮಾಮೂಲಿ ಗಾಳಿಯನ್ನು ನೀರಿಗೆ ಬೆರೆಸುವ ಯಾವ ಏರೇಟರ್ ಕೂಡ ಅದಕ್ಕಿಂತ ಮೇಲೆ ಏರಿಸಲಾರದು. ಹಾಗಾದರೆ ಹನ್ನೊಂದು ಎಲ್ಲಿಂದ ಬಂತು? ಪಾಚಿಯಿಂದ. ಕೊಳಚೆ ಬೀಳುವ ಕೆರೆಯಲ್ಲಿ ಸಾರಜನಕ, ರಂಜಕ (ಫಾಸ್ಫರಸ್) ಧಾರಾಳವಾಗಿರುತ್ತವೆ. ಅವನ್ನು ತಿಂದು ನೀರೆಲ್ಲ ಹಸಿರಾಗುತ್ತದೆ. ಆ ಹಸಿರು ಬಿಸಿಲಿನಲ್ಲಿ ಆಮ್ಲಜನಕವನ್ನು ಉಕ್ಕಿಸುತ್ತದೆ, ಕತ್ತಲಾದ ಮೇಲೆ ಅದೇ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತದೆ. ಕೊಳೆಯುವ ಹೊಲಸೂ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ಸಂಜೆ ಆಮ್ಲಜನಕ ತುಂಬಿದ್ದ ಕೆರೆ ನಸುಕಿನ ನಾಲ್ಕೈದು ಗಂಟೆಗೆ ಬರಿದಾಗಿರುತ್ತದೆ. ಪ್ರಯೋಗಾಲಯದವರು ಅಳೆದದ್ದು ಆ ಹೊತ್ತಿಗೆ ಹತ್ತಿರದ ನೀರನ್ನು, ನಾನು ಅಳೆದದ್ದು ನಡುಹಗಲಿನ ನೀರನ್ನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಡುವಿನ ವ್ಯತ್ಯಾಸವನ್ನು ಯಂತ್ರದ ಲೆಕ್ಕಕ್ಕೆ ಬರೆದುಕೊಂಡೆ.

ಇನ್ನೂ ಒಂದು ಮಾತಿದೆ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬ್ಯಾಟರಿಯಿಲ್ಲದ ಸೌರ ಏರೇಟರ್ ನಡೆಯುವುದು ಬಿಸಿಲಿರುವಾಗ. ಆಗ ಪಾಚಿಯೇ ಬೇಕಾದ್ದಕ್ಕಿಂತ ಹೆಚ್ಚು ಆಮ್ಲಜನಕ ತಯಾರಿಸಿರುತ್ತದೆ. ಮಿತಿ ಮೀರಿ ಆಮ್ಲಜನಕ ತುಂಬಿಕೊಂಡ ನೀರನ್ನು ಗಾಳಿಗೆ ಚಿಮ್ಮಿಸಿದರೆ ಆಮ್ಲಜನಕ ಒಳಗೆ ಹೋಗುವುದಿಲ್ಲ, ನೀರಿನಿಂದ ಗಾಳಿಗೆ ಹಾರಿಹೋಗುತ್ತದೆ. ರಾತ್ರಿಗೆ ಬೇಕಾಗಿದ್ದ ಉಳಿತಾಯದಲ್ಲಿ ಒಂದು ಪಾಲನ್ನು ನಮ್ಮ ಯಂತ್ರ ಹಗಲೇ ಹೊರಗೆ ಚೆಲ್ಲುತ್ತಿತ್ತು, ಮೀನಿಗೆ ಉಸಿರು ಬೇಕಾದ ಹೊತ್ತಿಗೆ ಸುಮ್ಮನಿರುತ್ತಿತ್ತು. ಮೋಡ ಕವಿದ ಆ ಎರಡು ದಿನ ಪಾಚಿಯೂ ಕೆಲಸ ಮಾಡಲಿಲ್ಲ, ಯಂತ್ರವೂ ಸರಿಯಾಗಿ ನಡೆಯಲಿಲ್ಲ. ಮೀನು ಉಳಿಯಲು ಇನ್ನು ದಾರಿಯೇ ಇರಲಿಲ್ಲ.

ಮೀನು ಗುತ್ತಿಗೆ ಹಿಡಿದಿದ್ದವರು ತಿಂಗಳ ಮುಂಚೆಯೇ ನನ್ನ ಬಳಿ ಬಂದು, “ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ ಸರ್, ಯಂತ್ರವನ್ನು ರಾತ್ರಿ ಹೊತ್ತು ನಡೆಸಿ” ಎಂದಿದ್ದರು. ಮೀಟರಿನ ಅಂಕಿಗಳನ್ನು ತೋರಿಸಿ ಸಮಾಧಾನ ಮಾಡಿ ಕಳಿಸಿದ್ದೆ. ಅವರು ಪ್ರತಿದಿನ ಕತ್ತಲಲ್ಲೇ ತೆಪ್ಪ ಇಳಿಸುತ್ತಿದ್ದವರು. ಆ ಹೊತ್ತಿನಲ್ಲಿ ಕೆರೆಯನ್ನು ನೋಡಿದವರು ನಮ್ಮ ಪೈಕಿ ಯಾರೂ ಇರಲಿಲ್ಲ. ಆ ಬೆಳಿಗ್ಗೆ ಮೊದಲು ಕಣ್ಣಿಗೆ ಬಿದ್ದದ್ದು ದೊಡ್ಡ ಕಟ್ಲಾ ಮೀನುಗಳು: ಬಾಯಿ ಅಗಲವಾಗಿ ತೆರೆದು, ಕಿವಿರಿನ ಮುಚ್ಚಳ ಹೊರಕ್ಕೆ ಚಾಚಿ ಬಿದ್ದಿದ್ದವು. ಆಮ್ಲಜನಕ ಕುಸಿದಾಗ ದೊಡ್ಡ ಮೀನು ಮೊದಲು ಸಾಯುತ್ತದೆ. ಚಿಕ್ಕ ತಿಲಾಪಿಯಾ ಕೆಲವು ದಡದ ಅಂಚಿನಲ್ಲಿ ಇನ್ನೂ ನೀರಿನ ಮೇಲ್ಪದರವನ್ನು ಹೀರುತ್ತಿದ್ದವು. ಸಂಘದಿಂದ ಒಂದಿಷ್ಟು ಹಣ ಕೊಟ್ಟೆವು. ಅವರ ನಷ್ಟಕ್ಕೆ ಅದು ಎಲ್ಲಿಗೂ ಸಾಲಲಿಲ್ಲ. ಅವರು ಮತ್ತೆ ನಮ್ಮ ಕೆರೆಯ ಗುತ್ತಿಗೆ ಹಿಡಿಯಲಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಚಿತ್ರಗಳನ್ನು ನಾನು ಪತ್ರಿಕೆಗಳಲ್ಲಿ ನೋಡಿದ್ದವನೇ. ಹಾಗಿದ್ದೂ ನಮ್ಮಲ್ಲಿ ಹಾಗಾಗದು, ನಮ್ಮಲ್ಲಿ ಯಂತ್ರವಿದೆ ಎಂದು ನಂಬಿದ್ದೆ.

ರಾತ್ರಿಯೂ ನಡೆಯುವ ಯಂತ್ರ ತಂದರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಯೋಚಿಸಿ ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಎಂಟೊಂಬತ್ತು ಸಾವಿರ ಜನರ ಮನೆಗಳಿಂದ ದಿನಕ್ಕೆ ಸುಮಾರು ಹತ್ತು ಲಕ್ಷ ಲೀಟರ್ ಕೊಳಚೆ ಬರುತ್ತದೆ. ಸಂಸ್ಕರಿಸದ ಕೊಳಚೆಯ ಬಿಒಡಿ, ಅಂದರೆ ಅದನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 250 ಮಿಲಿಗ್ರಾಂ ಎಂದು ಹಿಡಿಯಿರಿ. ದಿನಕ್ಕೆ 250 ಕೆ.ಜಿ. ಆಮ್ಲಜನಕ ಆಯಿತು. ಎರಡು ಅಶ್ವಶಕ್ತಿಯ ಏರೇಟರ್ ಆರು ಗಂಟೆ ನಡೆದರೆ ಬಳಸುವ ವಿದ್ಯುತ್ ಒಂಬತ್ತು ಯೂನಿಟ್. ಒಂದು ಯೂನಿಟ್ಟಿಗೆ ಎರಡು ಕೆ.ಜಿ. ಆಮ್ಲಜನಕ ಕರಗಿಸಿತೆಂದು ಉದಾರವಾಗಿಯೇ ಲೆಕ್ಕ ಹಾಕಿದರೂ 18 ಕೆ.ಜಿ. ದಿನವಿಡೀ ನಡೆಸಿದರೂ ಮೂರನೆಯ ಒಂದು ಭಾಗಕ್ಕೆ ಬರುವುದಿಲ್ಲ. ಇದೆಲ್ಲ ಆಮ್ಲಜನಕದ ಲೆಕ್ಕ ಮಾತ್ರ. ಕೊಳಚೆಯ ಜೊತೆ ಬರುವ ರಂಜಕವನ್ನು ಏರೇಟರ್ ಹೊರಗೆ ಹಾಕುವುದಿಲ್ಲ, ಪಾಚಿ ಅದನ್ನು ತಿಂದು ಮತ್ತೆ ಬೆಳೆಯುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆರೆಯೊಳಗೆ ಏನು ಹಾಕಬೇಕು ಎಂದು ಕೇಳುತ್ತಿದ್ದೀರಿ; ಕೆರೆಯೊಳಗೆ ಏನು ಬರುತ್ತಿದೆ ಎಂದು ಯಾರಾದರೂ ನೋಡಿದ್ದೀರಾ? ನಾವು ನೋಡಿದ್ದು ಮೀನು ಸತ್ತ ಮೇಲೆ. ರಾಜಕಾಲುವೆಯ ಗುಂಟ ಮೇಲಕ್ಕೆ ನಡೆದು ಹೋದೆವು. ಮಳೆ ಬಂದು ತಿಂಗಳುಗಳೇ ಆಗಿದ್ದವು, ಆದರೂ ಮಳೆನೀರಿನ ಕಾಲುವೆಯಲ್ಲಿ ಬೂದುಬಣ್ಣದ ನೀರು ಮೊಣಕಾಲುದ್ದ ಹರಿಯುತ್ತಿತ್ತು. ಒಂದು ತಿರುವಿನಲ್ಲಿ ಒಳಚರಂಡಿಯ ಮ್ಯಾನ್‌ಹೋಲ್ ಕಟ್ಟಿಕೊಂಡು, ಮುಚ್ಚಳದ ಸುತ್ತಲಿಂದ ಉಕ್ಕಿ, ಕಾಲುವೆಯ ಗೋಡೆಯಲ್ಲಿ ಯಾರೋ ಒಡೆದಿದ್ದ ಕಿಂಡಿಯಿಂದ ಒಳಗೆ ಬೀಳುತ್ತಿತ್ತು. ಸ್ವಲ್ಪ ಮುಂದೆ ಕೆಲವು ಕಟ್ಟಡಗಳ ಕೊಳವೆಗಳು ನೇರವಾಗಿ ಕಾಲುವೆಗೇ ಇಳಿದಿದ್ದವು. ಕೆರೆಯಿಂದ ಅಲ್ಲಿಗೆ ಹೆಚ್ಚು ದೂರವೇನಿಲ್ಲ. ಅಷ್ಟು ದೂರ ಮೊದಲೇ ನಡೆದಿದ್ದರೆ ಏರೇಟರಿಗೆ ಸುರಿದ ಹಣದ ಒಂದು ಸಣ್ಣ ಪಾಲಿನಲ್ಲಿ ಕೆಲಸ ಆರಂಭವಾಗುತ್ತಿತ್ತು.

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದ ಕಥೆಯನ್ನು ನಿಮ್ಮ ಸಂಘದ ಸಭೆಯಲ್ಲಿ ಹೇಳಿ. ಸುತ್ತಲಿನ ಊರುಗಳ ಸಂಸ್ಕರಿಸಿದ ಕೊಳಚೆ ಬೀಳುತ್ತಾ ಬೀಳುತ್ತಾ 1950ರ ದಶಕದಲ್ಲಿ ಅಲ್ಲಿ ಪಾಚಿ ಹಬ್ಬಿತು. ಸಂಸ್ಕರಿಸಿದ ನೀರೇ ಆಗಿದ್ದರೂ ಅದರಲ್ಲಿ ರಂಜಕ ಉಳಿದಿರುತ್ತದೆ ಎಂಬುದನ್ನು ಅಲ್ಲಿನ ವಿಶ್ವವಿದ್ಯಾಲಯದ ಎಡ್ಮಂಡ್‌ಸನ್ ಎಂಬ ವಿಜ್ಞಾನಿ ಜನರಿಗೆ ಬಿಡಿಸಿ ಹೇಳಿದರು. ಜನ ಮತ ಹಾಕಿ, ಖರ್ಚು ಹೊತ್ತು, 1963ರಿಂದ 1968ರವರೆಗೆ ಕೊಳವೆಗಳನ್ನು ಹಾಕಿ ಕೊಳಚೆಯನ್ನು ಸರೋವರದಿಂದ ಬೇರೆಡೆಗೆ ತಿರುಗಿಸಿದರು. ಒಂದು ಮೀಟರ್ ಆಳವೂ ಕಾಣದಿದ್ದ ನೀರು 1970ರ ದಶಕದಲ್ಲಿ ತಿಳಿಯಾಯಿತು. ಸರೋವರದೊಳಗೆ ಯಾವ ಯಂತ್ರವನ್ನೂ ಇಳಿಸಬೇಕಾಗಲಿಲ್ಲ. ಅದು ಆಳವಾದ ಸರೋವರ, ಹೊರಗಿನಿಂದ ಶುದ್ಧ ನೀರು ಚೆನ್ನಾಗಿ ಬರುತ್ತದೆ; ನಮ್ಮ ಕೆರೆಗಳು ಅಷ್ಟು ಬೇಗ ತಿಳಿಯಾಗುವುದಿಲ್ಲ, ಅದು ನಿಜ. ಆದರೆ ಕೊಳಚೆಯನ್ನು ನಿಲ್ಲಿಸದೆ ತಿಳಿಯಾಗುವ ಕೆರೆ ಎಲ್ಲಿಯೂ ಇಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ರಸ್ತೆಗೆ ಹಾರಿತು, 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. ನೊರೆ ಬರುತ್ತಿದ್ದುದು ಮಾರ್ಜಕ ಬೆರೆತ ಕೊಳಚೆ ಕೋಡಿಯಲ್ಲಿ ಧುಮುಕಿದಾಗ. ಕೋಡಿಯ ಬಳಿ ಬಲೆ ಕಟ್ಟಿದರೆ ನೊರೆ ರಸ್ತೆಗೆ ಹಾರುವುದು ತಪ್ಪಬಹುದು, ಹುಟ್ಟುವುದು ತಪ್ಪುವುದಿಲ್ಲ.

ನಾನು ತಂತ್ರಜ್ಞಾನದ ವಿರೋಧಿಯಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಕೊಳಚೆ ಶುದ್ಧೀಕರಣ ಘಟಕವೂ ತಂತ್ರಜ್ಞಾನವೇ. ಒಮ್ಮೆ ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಿ ನೋಡಿ. ಅಲ್ಲಿ ಕೆರೆಯ ತಲೆಯ ಕಡೆ ಶುದ್ಧೀಕರಣ ಘಟಕವಿದೆ, ಅದರಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಆಮೇಲೆ ಕೆರೆ ಸೇರುತ್ತದೆ. ಘಟಕದಲ್ಲಿ ಉಳಿದ ಸಾರಜನಕ, ರಂಜಕಗಳಲ್ಲಿ ಒಂದಿಷ್ಟನ್ನು ಜೌಗು ಹಿಡಿದುಕೊಳ್ಳುತ್ತದೆ. ಅಲ್ಲಿಯೂ ತೊಂದರೆಗಳಿವೆ. ಆದರೂ ಯಂತ್ರ ಇರುವುದು ನೀರು ಕೆರೆಗೆ ಬೀಳುವ ಮೊದಲು. ನಿಮ್ಮ ಕೆರೆಯ ಒಳಹರಿವಿನ ಬಾಯಲ್ಲಿ ಜೊಂಡು ಬೆಳೆದಿದ್ದರೆ, ಸುಂದರವಾಗಿ ಕಾಣಲೆಂದು ಅದನ್ನು ಜೆಸಿಬಿ ತರಿಸಿ ಕೀಳಿಸಬೇಡಿ. ನಮ್ಮಲ್ಲಿ ಕೀಳಿಸಿದ್ದರು.

ಸೂಕ್ಷ್ಮಜೀವಿಗಳ ಪುಡಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಳಚೆಯಲ್ಲಿ ಸೂಕ್ಷ್ಮಜೀವಿಗಳಿಗೆ ಬರವಿಲ್ಲ, ಅವಕ್ಕೆ ಬೇಕಾದ ಆಮ್ಲಜನಕಕ್ಕೆ ಬರ. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಹರಿದು ಬರುವಲ್ಲಿ ಪುಡಿ ಎರಚುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ತೇಲುವ ತೆಪ್ಪ ಅಷ್ಟು ಕೆಟ್ಟದ್ದಲ್ಲ, ಹಕ್ಕಿಗಳು ಬಂದು ಕೂರುತ್ತವೆ. ಗಿಡಗಳನ್ನು ಆಗಾಗ ಕತ್ತರಿಸಿ ಹೊರಗೆ ಸಾಗಿಸುವ ಜನರಿದ್ದರೆ ಮಾತ್ರ ಪ್ರಯೋಜನ. ಇಲ್ಲದಿದ್ದರೆ ಅವು ಹೀರಿದ್ದೆಲ್ಲ ಕೊಳೆತು ಮತ್ತೆ ಕೆರೆಗೇ ಸೇರುತ್ತದೆ.

ನಮ್ಮಲ್ಲಿ ಆ ಮ್ಯಾನ್‌ಹೋಲ್ ಸರಿಯಾಗುವಷ್ಟರಲ್ಲಿ ಅರ್ಜಿ, ಮಾಹಿತಿ ಹಕ್ಕು, ಮತ್ತೆ ಅರ್ಜಿ ಎಂದು ಬಹಳ ಕಾಲ ಹಿಡಿಯಿತು. ಬೇಸಿಗೆಯ ಹರಿವು ಈಗ ತುಂಬಾ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಪಾಚಿಯೂ ಹೋಗಿಲ್ಲ, ಏಕೆಂದರೆ ವರ್ಷಗಟ್ಟಲೆ ಹೂಳಿನಲ್ಲಿ ಕೂತ ರಂಜಕ ತಳದಲ್ಲಿ ಆಮ್ಲಜನಕ ಇಲ್ಲದಾದಾಗ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಈಗ, ಈ ಹಂತದಲ್ಲಿ, ಏರೇಟರಿಗೆ ಕೆಲಸವಿದೆ. ಅದಕ್ಕೆ ಗ್ರಿಡ್ ವಿದ್ಯುತ್ ಸಂಪರ್ಕ ಕೊಡಿಸಿ ಮಧ್ಯರಾತ್ರಿಯಿಂದ ಬೆಳಗಿನವರೆಗೆ ನಡೆಸುತ್ತೇವೆ. ಸದ್ದಿಗೆ ಆಕ್ಷೇಪ ಬಂದಾಗ ಮನೆಮನೆಗೆ ಹೋಗಿ ಕಾರಣ ಹೇಳಿದೆವು, ಒಪ್ಪಿಕೊಂಡರು.

ನಿಮ್ಮ ಹಣವನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಇಡಿ. ಸಮಿತಿಯ ನಾಲ್ಕು ಜನ ಸೂರ್ಯ ಹುಟ್ಟುವ ಮೊದಲು ಹೋಗಿ, ದಡದಿಂದ ದೂರಕ್ಕೆ ತೆಪ್ಪದಲ್ಲಿ ಸಾಗಿ, ಮೇಲ್ಮೈಯಲ್ಲಿಯೂ ತಳದ ಬಳಿಯೂ ಆಮ್ಲಜನಕ ಅಳೆಯಿರಿ. ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ ನಾಲ್ಕು ಮಿಲಿಗ್ರಾಂ ಇರಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಆಮೇಲೆ ಮಳೆಯಿಲ್ಲದ ದಿನ ನೋಡಿ ಪ್ರತಿಯೊಂದು ಕಾಲುವೆಯನ್ನೂ ಮೇಲಿನವರೆಗೆ ನಡೆಯಿರಿ, ಎಲ್ಲೆಲ್ಲಿ ಏನು ಬೀಳುತ್ತಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಿ, ಚಿತ್ರ ತೆಗೆದಿಡಿ. ಕೆರೆಯಲ್ಲಿ ಮೀನು ಹಿಡಿಯುವವರು ಇದ್ದರೆ ಅವರನ್ನೂ ಸಭೆಗೆ ಕರೆದು ಮೊದಲು ಅವರ ಮಾತು ಕೇಳಿ. ಬೇಸಿಗೆಯಲ್ಲಿ ನಿಮ್ಮ ಕಾಲುವೆಗಳಲ್ಲಿ ದಿನಕ್ಕೆ ಎಷ್ಟು ನೀರು ಹರಿಯುತ್ತದೆ ಎಂಬುದು ಗೊತ್ತಾದರೆ ಇಲ್ಲಿಯೇ ಬರೆಯಿರಿ, ಮುಂದಿನ ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ.