ಊರು ಕಟ್ಟಿದ ತೋಟಗಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಪ್ರಾಗ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಅವನ ಜೊತೆ ಮರಿಯಾನ್‌ಸ್ಕೆ ಲಾಜ್ನೆ ಅನ್ನೋ ಬುಗ್ಗೆ ನೀರಿನ ಊರಿಗೆ ಹೋಗಿದ್ವಿ, ಹಳೇ ಹೆಸರು ಮರಿಯೆನ್‌ಬಾದ್ ಅಂತೆ. ಈ ಊರು ಕಟ್ಟಿದವರು ಮೂರು ಜನ, ಒಬ್ಬರು ಮಠದವರು, ಒಬ್ಬ ಡಾಕ್ಟರು, ಇನ್ನೊಬ್ಬ ತೋಟಗಾರ ಅಂದ ನಮ್ಮ ಗೈಡ್. ತೋಟಗಾರ ಹೂವಿನ ಗಿಡ ನೆಡಬಹುದು, ಊರು ಹೇಗೆ ಕಟ್ತಾನೆ ಸರ್?
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮೇಷ್ಟ್ರೇ, ಗೈಡ್ ಹೇಳಿದ್ದು ಸರಿ. ನೀವು ಅಲ್ಲಿ ಕೊಳಾಯಿಗಳ ಮುಂದೆ ಕಪ್ ಹಿಡ್ಕೊಂಡು ನಿಂತಿದ್ದೀರಲ್ಲ, 1800ರ ಹೊತ್ತಿಗೆ ಆ ಜಾಗ ಬರೀ ಜೌಗು, ಮೂರು ಕಡೆ ಕಾಡುಗುಡ್ಡ, ನಡುವೆ ಕಾಲಿಟ್ಟರೆ ಹೂತುಹೋಗೋ ಕೆಸರು, ಅದರೊಳಗಿಂದ ಅಲ್ಲಲ್ಲಿ ಗುಳುಗುಳು ಅಂತ ಗುಳ್ಳೆ ಏಳ್ತಿದ್ದ ತಣ್ಣನೆ ನೀರು. ಜಾಗ ಟೆಪ್ಲಾ ಮಠದ್ದು. ಈ ನೀರಿನ ಬೆನ್ನು ಹತ್ತಿದವರು ಮಠದ ವೈದ್ಯ ಯೋಹಾನ್ ಯೋಸೆಫ್ ನೇರ್, ದುಡ್ಡು ಬಿಚ್ಚಿದವರು ಮಠಾಧಿಪತಿ ಕಾರ್ಲ್ ಕಾಸ್ಪರ್ ರೈಟೆನ್‌ಬರ್ಗರ್. ಈ ಸ್ವಾಮಿಗಳು 1817ರಲ್ಲಿ ಲೋಬ್ಕೊವಿಚ್ ಮನೆತನದ ತೋಟ ನೋಡ್ಕೊಳ್ತಿದ್ದ ವಾಕ್ಲಾವ್ ಸ್ಕಲ್ನಿಕ್ ಅನ್ನೋರನ್ನ ಕರೆಸಿದ್ರು. ಮುಂದಿನ ವರ್ಷವೇ, ಅಂದ್ರೆ 1818ರಲ್ಲಿ, ಇದು ಸಾರ್ವಜನಿಕ ಚಿಕಿತ್ಸೆಯ ಊರು ಅಂತ ಘೋಷಣೆ ಆಯ್ತು.

ಈಗ ಸ್ಕಲ್ನಿಕ್ ಮಾಡಿದ್ದೇನು ಅಂತ ಕೇಳಿ. ಬೇರೆ ಯಾರಾದ್ರೂ ಆಗಿದ್ರೆ ಆ ಕೆಸರಿಗೆ ಮಣ್ಣು ತುಂಬಿಸಿ ನಟ್ಟನಡುವೆ ದೊಡ್ಡ ಹೋಟೆಲ್ ಎಬ್ಬಿಸ್ತಿದ್ರು, ಬುಗ್ಗೆ ಇರೋ ಜಾಗದಲ್ಲೇ ಅಲ್ವಾ ಗಿರಾಕಿ. ಇವರು ನಡುವಿನ ತಗ್ಗನ್ನ ಖಾಲಿ ಬಿಟ್ರು. ಹಳ್ಳದ ನೀರಿಗೆ ದಾರಿ ಮಾಡಿ ಜೌಗು ಬಸಿದು, ತಗ್ಗನ್ನೆಲ್ಲ ಪಾರ್ಕ್ ಮಾಡಿ, ಮನೆ ಹೋಟೆಲ್ಲುಗಳನ್ನ ಅಂಚಿಗೆ, ಗುಡ್ಡದ ಬುಡಕ್ಕೆ ಸರಿಸಿದ್ರು. ನಮ್ಮ ತೊಟ್ಟಿ ಮನೆ ನೆನಪಿಸ್ಕೊಳ್ಳಿ, ನಡುವೆ ಅಂಗಳ, ಸುತ್ತ ಜಗಲಿ, ಊರಿಗೆ ಊರೇ ಹಾಗಿದೆ. ಕಟ್ಟಡಗಳ ನಕ್ಷೆ ಪ್ರಾಗ್‌ನಿಂದ ಬಂದ ಆರ್ಕಿಟೆಕ್ಟ್ ಫಿಷರ್ ಅವರದ್ದು, ಆದ್ರೆ ಎಲ್ಲಿ ಕಟ್ಟಬಾರದು ಅನ್ನೋದು ತೋಟಗಾರನ ಕೆಲಸದಲ್ಲೇ ತೀರ್ಮಾನ ಆಗಿಹೋಗಿತ್ತು, ನನ್ನ ಪ್ರಕಾರ ಊರಿಗೆ ಬೆಲೆ ತಂದಿದ್ದು ಅದೇ. ತಗ್ಗಲ್ಲಿ ಕಟ್ಟಡ ಎದ್ದಿದ್ರೆ ಅದರ ಕೊಳಚೆ ಹೋಗ್ತಿದ್ದಿದ್ದೇ ಬುಗ್ಗೆಗೆ.

ಇನ್ನೊಂದು ವಿಷಯ ಇದೆ, ಇದು ನಂಗೆ ತುಂಬಾ ಇಷ್ಟ. ಅಲ್ಲಿ ನೀರನ್ನ ಗಟಗಟ ಕುಡಿಯಲ್ಲ, ಹಿಡಿಯೇ ಕೊಳವೆ ಆಗಿರೋ ಚಪ್ಪಟೆ ಪಿಂಗಾಣಿ ಕಪ್ಪಿನಲ್ಲಿ ಗುಟುಕು ಗುಟುಕಾಗಿ ಹೀರ್ತಾ ನಡೀತಾರೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ. ನೀವೂ ಒಂದು ತಂದಿರಬೇಕು, ಶೋಕೇಸಲ್ಲಿ ಇಟ್ಟಿರ್ತೀರ! ಅಂದ್ಮೇಲೆ ನಡೆಯೋ ದಾರಿಯೂ ಔಷಧಿಯ ಒಂದು ಭಾಗವೇ ಆಯ್ತು. ದಾರಿ ಎಷ್ಟು ಉದ್ದ, ಏರು ಎಷ್ಟು, ನೆರಳು ಎಲ್ಲಿ, ಸುಸ್ತಾದೋರಿಗೆ ಬೆಂಚು ಎಲ್ಲಿ, ಮರದ ಸಂದೀಲಿ ಏನು ಕಾಣಬೇಕು, ಇದನ್ನೆಲ್ಲ ಡಾಕ್ಟರು ಚೀಟೀಲಿ ಬರೆದುಕೊಡಕ್ಕಾಗಲ್ಲ, ನೆಲದ ಮೇಲೆ ಬರೆಯೋನು ತೋಟಗಾರ. (ಒಂದು ಮಾತು, ಅಲ್ಲಿನ ಕ್ರೀಜೊವಿ ಬುಗ್ಗೆ ನೀರಲ್ಲಿ ಗ್ಲಾಬರ್ ಉಪ್ಪಿದೆ, ಹೊಟ್ಟೆ ಸಡಿಲ ಮಾಡುತ್ತೆ. ತೀರಾ ದೂರದ ವಾಕಿಂಗ್ ದಾರಿ ಹಾಕಿದ್ರೆ ಏನಾಗ್ತಿತ್ತು ಅಂತ ನೀವೇ ಊಹಿಸ್ಕೊಳ್ಳಿ.)

ಸ್ಕಲ್ನಿಕ್ ಕೆಲಸ ಮುಗಿಸಿ ಬಿಲ್ ತಗೊಂಡು ಹೋದವರಲ್ಲ, ಅಲ್ಲೇ ಉಳಿದ್ರು, ಸುಮಾರು 20 ವರ್ಷ ಆ ಊರಿನ ಮೇಯರ್ ಆಗಿದ್ರು, 1861ರಲ್ಲಿ ಅಲ್ಲೇ ತೀರಿಕೊಂಡ್ರು. ಪಾಪ ಆ ಸ್ವಾಮಿಗಳಿಗೆ ಮಾತ್ರ 1827ರಲ್ಲಿ ಪೀಠ ಬಿಡಬೇಕಾಯ್ತು, ಕೊನೆಗಾಲ ದೂರದ ಟಿರೋಲ್‌ನಲ್ಲಿ ಕಳೆದ್ರು. ನೀವು ಫೋಟೋ ತೆಗೆಸ್ಕೊಂಡಿರೋ ಕಬ್ಬಿಣದ ಕಂಬಗಳ ಉದ್ದನೆ ಕಾಲನೇಡ್, ಅಂದ್ರೆ ಕಂಬಸಾಲಿನ ಪಡಸಾಲೆ ಇದೆಯಲ್ಲ, ಅದು ತುಂಬಾ ತಡವಾಗಿ, 1889ರಲ್ಲಿ ಬಂದಿದ್ದು. ಪಾರ್ಕ್ ಮೊದಲು ಬಂತು, ಅದಕ್ಕೆ ಕಿರೀಟ ಆಮೇಲೆ. 2021ರಲ್ಲಿ ಯುನೆಸ್ಕೋ ಯುರೋಪಿನ 7 ದೇಶಗಳ 11 ಬುಗ್ಗೆ ಊರುಗಳನ್ನ ಒಟ್ಟಿಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು. ಅಲ್ಲೂ ಬರೀ ಕಟ್ಟಡ ಲೆಕ್ಕಕ್ಕೆ ತಗೊಂಡಿಲ್ಲ, ಪಾರ್ಕು, ಕಾಡಿನ ದಾರಿ ಎಲ್ಲಾ ಸೇರಿಸಿಯೇ ನೋಡಿದ್ದಾರೆ.

ಪ್ರಶ್ನೆ: ಬಿ.ಆರ್ಕ್ ಕೊನೇ ವರ್ಷದಲ್ಲಿದ್ದೀನಿ, ಮುಂದೆ ಲ್ಯಾಂಡ್‌ಸ್ಕೇಪ್ ಓದೋಣ ಅಂತಿದೆ. ಎಲ್ಲಾ ಮುಗಿದ್ಮೇಲೆ ಲಾನ್ ಹಾಕೋಕೆ ಕರೀತಾರೆ ಅಷ್ಟೇ, ಯಾಕೆ ಬೇಕು ನಿಂಗೆ ಅಂತಾರೆ ಸೀನಿಯರ್‌ಗಳು. ನಿಜವಾ ಸರ್?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಅರ್ಧ ನಿಜ ಕಣಮ್ಮ, ಸುಳ್ಳು ಯಾಕೆ ಹೇಳಲಿ. ಮಲೆನಾಡಿನ ಒಂದು ರೆಸಾರ್ಟ್‌ಗೆ ನನ್ನನ್ನೂ ಕೊನೇಲೇ ಕರೆದಿದ್ರು, ಹೆಸರು ಬೇಡ. ಹೋಗಿ ನೋಡಿದ್ರೆ ಜೆಸಿಬಿ ತಂದು ಒಂದು ಸಣ್ಣ ಹಳ್ಳ ಮುಚ್ಚಿ ಅದರ ಮೇಲೆ ರಿಸೆಪ್ಷನ್ ಕಟ್ಟಿಬಿಟ್ಟಿದ್ರು, ಬೇಸಿಗೇಲಿ ಹಳ್ಳ ಒಣಗಿತ್ತಂತೆ, ಇದು ಹಳ್ಳ ಅಂತ ಗೊತ್ತೇ ಆಗ್ಲಿಲ್ಲ ಅಂದ್ರು ಓನರ್. ನೀರು ತನ್ನ ದಾರಿ ಮರೆಯಲ್ಲ ಸಾರ್, ಪಕ್ಕಕ್ಕೊಂದು ಕಾಲುವೆನಾದ್ರೂ ತೆಗೆಸಿ ಅಂದೆ, ಮೊದಲು ಗೇಟ್ ಹತ್ರ ಪಾಮ್ ಗಿಡ ಹಾಕಿ ಅಂದ್ರು. ಆ ವರ್ಷ ಆರಿದ್ರಾ ಮಳೆಗೆ ಸೋಫಾ ಕಾಲು ಮುಳುಗೋವರೆಗೂ ಕೆಂಪು ನೀರು, ಆಮೇಲೆ ಫೋನ್ ಬಂತು. ಕಾಲುವೆ ತೆಗೆಸಿದ್ವಿ, ಮೊದಲು ಆಗ್ತಿದ್ದ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ ಆಯ್ತು.

ಆದ್ರೆ ತೋಟದವರನ್ನ ಮೊದಲೇ ಕೂರಿಸ್ಕೊಂಡು ಊರು ಮಾಡಿದ್ದು ನಮ್ಮಲ್ಲೂ ಉಂಟು. ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಿಗೂ ಮರ ಆರಿಸಿದ್ರು, ಒಂದು ಹೂ ಉದುರೋ ಹೊತ್ತಿಗೆ ಇನ್ನೊಂದು ಜಾತಿ ಅರಳೋ ಹಾಗೆ. ಓದಮ್ಮ, ಧಾರಾಳವಾಗಿ ಓದು. ಗಿಡಗಳ ಹೆಸರಿನ ಜೊತೆಗೆ ಕಾಂಟೂರ್ (ನಕ್ಷೇಲಿ ನೆಲದ ಏರು ತಗ್ಗು ತೋರಿಸೋ ಗೆರೆ) ಓದೋದು, ಮಳೆ ನೀರಿನ ಲೆಕ್ಕ ಹಾಕೋದು ಗಟ್ಟಿ ಮಾಡ್ಕೋ. ಮೀಟಿಂಗಲ್ಲಿ ಮೊದಲ ದಿನವೇ ಕುರ್ಚಿ ಸಿಗೋದು ಅದರಿಂದ.

ಪ್ರಶ್ನೆ: ಪುತ್ತೂರು ಹತ್ರದ ಬೆಂದ್ರ್ ತೀರ್ಥದ ಬಿಸಿನೀರಿನ ಬುಗ್ಗೆ ಕಡೆ ನಮ್ಮದೊಂದು ತೋಟ ಉಂಟು. ಹೋಂಸ್ಟೇ ಮಾಡಿ ಅಂತಾರೆ ಎಲ್ಲರೂ. ಮೊದಲು ಏನು ಮಾಡಬೇಕು?
(ಕೃಷಿಕರು, ದಕ್ಷಿಣ ಕನ್ನಡ)

ಉತ್ತರ: ಮೊದಲು ಬೋರ್‌ವೆಲ್ ಕೊರೆಸೋ ಯೋಚನೆ ಬಿಡಿ ಮಾರಾಯ್ರೇ. ಬುಗ್ಗೆ ಅಂದ್ರೆ ಆಳದ ಬಿರುಕಿನಿಂದ ಒತ್ತಡಕ್ಕೆ ಮೇಲೆ ಬರೋ ನೀರು, ಅಕ್ಕಪಕ್ಕ ಆಳಕ್ಕೆ ಕೊರೆದು ಎಳೆದ್ರೆ ಆ ಒತ್ತಡ ಇಳಿದು ಬುಗ್ಗೆಯೇ ಬತ್ತಬಹುದು, ಆಮೇಲೆ ನಿಮ್ಮ ಹೋಂಸ್ಟೇಗೆ ಯಾರು ಬರ್ತಾರೆ? ಟಾಯ್ಲೆಟ್ ಗುಂಡಿ ಬುಗ್ಗೆಗಿಂತ ತಗ್ಗಲ್ಲಿ, ಸಾಕಷ್ಟು ದೂರದಲ್ಲಿ ಇರಲಿ. ಬುಗ್ಗೆ ಪಕ್ಕ ಸಿಮೆಂಟು, ಟೈಲ್ಸ್ ಬೇಡ. ಬಂದವರು ತೋಟದೊಳಗಿಂದ ನಡೆದುಕೊಂಡೇ ಹೋಗೋ ಹಾಗೆ ಒಂದು ಕಾಲುದಾರಿ ಮಾಡಿ, ಮಳೆಗಾಲದಲ್ಲಿ ಜಾರದ ಹಾಗೆ ಕೆಂಪುಕಲ್ಲು ಹಾಸಿ, ಬದಿಗೆ ಈಗ ಇರೋ ಮರ ಒಂದನ್ನೂ ಕಡೀಬೇಡಿ. ರೂಮು ಎಲ್ಲಿ ಕಟ್ಟೋದು ಅಂತ ಈಗಲೇ ತೀರ್ಮಾನ ಮಾಡ್ಬೇಡಿ, ಒಂದು ಪೂರ್ತಿ ಮಳೆಗಾಲ ಕೊಡೆ ಹಿಡ್ಕೊಂಡು ತೋಟದಲ್ಲಿ ಓಡಾಡಿ, ನೀರು ಎಲ್ಲೆಲ್ಲಿ ನಿಲ್ಲುತ್ತೆ, ಎಲ್ಲಿಂದ ಹರಿಯುತ್ತೆ ಅಂತ ಗೂಟ ಹೊಡೆದು ಗುರುತು ಮಾಡಿ, ಆ ಫೋಟೋ ಕಳಿಸಿ, ಆಮೇಲೆ ಮಾತಾಡೋಣ.