ಎಸ್ಟೇಟ್ ಸೇಲ್‌ನಲ್ಲಿ ತಂದ ಕಾರ್ನಿವಲ್ ಗ್ಲಾಸ್ ಬೌಲ್ ನಿಜವಾಗ್ಲೂ ಹಳೇದಾ, ಎಷ್ಟು ಬೆಲೆ ಬಾಳತ್ತೆ?

ಎಸ್ಟೇಟ್ ಸೇಲ್‌ನಲ್ಲಿ, ಅಂದ್ರೆ ಒಬ್ಬರ ಮನೆ ಸಾಮಾನೆಲ್ಲ ಮಾರೋ ಕಡೆ, 12 ಡಾಲರ್‌ಗೆ ತಂದ್ರಿ, ಕಿತ್ತಳೆ ಹೊಳಪು, ಒಳಗೆ ದ್ರಾಕ್ಷಿ ಗೊಂಚಲು, ನೆರಿಗೆ ನೆರಿಗೆ ಅಂಚು, ಎಲ್ಲೂ ಕಂಪನಿ ಹೆಸರಿಲ್ಲ, ಇ-ಬೇನಲ್ಲಿ ನೋಡಿದ್ರೆ ಅಂಥದ್ದೇ ಒಂದಕ್ಕೆ 400 ಡಾಲರ್ ಹಾಕಿದಾರೆ ಅಂತ ಕೇಳಿದೀರ. ನಾನಿರೋದು ಓಹಾಯೋದಲ್ಲಿ, ಕಾರ್ನಿವಲ್ ಗ್ಲಾಸ್ ಅನ್ನೋ ಈ ಬಣ್ಣಬಣ್ಣದ ಹೊಳಪಿನ ಗಾಜು ಹುಟ್ಟಿದ್ದೇ ಇಲ್ಲಿ ಓಹಾಯೋ ನದಿಯ ಆಕಡೆ ಈಕಡೆ ಇದ್ದ ಊರುಗಳಲ್ಲಿ, ಹತ್ತು ವರ್ಷದಿಂದ ಒಂದೊಂದೇ ಕೂಡಿಸ್ಕೊಂಡು ಬಂದಿದೀನಿ, ಹಂಗಾಗಿ ಗೊತ್ತಿರೋದನ್ನ ಹೇಳ್ತೀನಿ.

ಮೊದಲು ಬೌಲನ್ನ ಬೋರಲು ಹಾಕಿ. ಎಲ್ರೂ ಹೊಳಪು ನೋಡಿ ಮರುಳಾಗ್ತಾರೆ, ನವಿಲು ಕತ್ತಿನ ಥರ ತಿರುಗಿಸಿದಂಗೆಲ್ಲಾ ಬಣ್ಣ ಬದಲಾಗತ್ತಲ್ಲ ಅದು ಬರೀ ಮೇಲಿನ ಪದರ, ಅಚ್ಚಲ್ಲಿ ಒತ್ತಿ ತೆಗೆದ ಗಾಜು ಇನ್ನೂ ಬಿಸಿ ಇರ್ವಾಗ್ಲೇ ಕಬ್ಬಿಣ, ತವರದ ಲವಣಗಳನ್ನ ಅದರ ಮೇಲೆ ಸಿಂಪಡಿಸಿದ್ರೆ ಬರೋದು. ಬೆಲೆ ನಿಂತಿರೋದು ಅದರ ಕೆಳಗಿರೋ ಗಾಜಿನ ಬಣ್ಣದ ಮೇಲೆ. ತಳದಲ್ಲಿ ನಿಲ್ಲೋ ಉಂಗುರದ ಹತ್ರ ಸಾಮಾನ್ಯವಾಗಿ ಹೊಳಪು ಇರಲ್ಲ, ಅಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಗಾಜು ಬಣ್ಣವೇ ಇಲ್ದೆ ತಿಳಿಯಾಗಿದ್ರೆ ಅದು ಮಾರಿಗೋಲ್ಡ್, ಅಂದ್ರೆ ತಿಳಿ ಗಾಜಿನ ಮೇಲೆ ಕಿತ್ತಳೆ ಹೊಳಪು, ಅತಿ ಹೆಚ್ಚು ಸಿಗೋ ಬಣ್ಣ, ನಿಮ್ಮದು ಅದೇ ಇರ್ಬೇಕು. ನೇರಳೆ, ಹಸಿರು, ಕೋಬಾಲ್ಟ್ ನೀಲಿ ಆದ್ರೆ ಬೆಲೆ ಮೇಲೆ ಹೋಗತ್ತೆ. ಕೆಂಪು, ಐಸ್ ಬ್ಲೂ (ತುಂಬಾ ತಿಳಿ ನೀಲಿ), ಆಕ್ವಾ ಓಪಲೆಸೆಂಟ್ (ಹಾಲಿನಂಥ ಅಂಚಿರೋ ನೀಲಿ-ಹಸಿರು) ಇವೆಲ್ಲ ಅಪರೂಪ, ಅದೇ ಅಚ್ಚಿನ ಬೌಲ್ ಈ ಬಣ್ಣದಲ್ಲಿದ್ರೆ ನೂರಾರು, ಕೆಲವು ಸಲ ಸಾವಿರಾರು ಡಾಲರ್.

ಹೆಸರಿಲ್ಲ ಅಂತ ಬೇಜಾರಾಗ್ಬೇಡಿ, ಅದು ಒಳ್ಳೇ ಲಕ್ಷಣಾನೂ ಇರ್ಬಹುದು. 1908ರ ಹೊತ್ತಿಗೆ ವೆಸ್ಟ್ ವರ್ಜೀನಿಯಾದ ವಿಲಿಯಮ್ಸ್‌ಟೌನ್‌ನಲ್ಲಿದ್ದ ಫೆಂಟನ್ ಗಾಜಿನ ಕಂಪನಿ ಇದನ್ನ ಶುರು ಮಾಡ್ದಾಗ ಗುರುತು ಒತ್ತುತ್ತಿರಲಿಲ್ಲ. ಅಂಡಾಕಾರದೊಳಗೆ ಫೆಂಟನ್ ಅಂತ ಬರೆದಿದ್ರೆ ಅದು 1970ರಿಂದ ಈಚಿನದು. ಅದೇ ರಾಜ್ಯದ ವೀಲಿಂಗ್ ಊರಿನ ನಾರ್ತ್‌ವುಡ್ ಕಂಪನಿದು ವೃತ್ತದೊಳಗೆ ಅಡಿಗೆರೆ ಎಳೆದ ಎನ್ ಅಕ್ಷರ, ಅದೂ ಎಲ್ಲದರ ಮೇಲೂ ಇಲ್ಲ. ನಾನೇ ಶುರುವಲ್ಲಿ ಒಂದು ಸಂತೆಯಲ್ಲಿ 60 ಡಾಲರ್ ಕೊಟ್ಟು ನೇರಳೆ ಬೌಲ್ ತಂದೆ, ಮಾರೋನು ನೂರು ವರ್ಷದ್ದು ಅಂದ, ಮನೇಲಿ ತೊಳೀವಾಗ ತಳದಲ್ಲಿ ಐ ಮತ್ತು ಜಿ ಒಂದರ ಮೇಲೊಂದು ಬರೆದಿದ್ದು ಬೆರಳಿಗೆ ಸಿಕ್ತು. ಇಂಪೀರಿಯಲ್ ಕಂಪನಿ 1951ರಿಂದ ಹಾಕಿದ ಗುರುತು ಅದು, ಹಳೇ ಅಚ್ಚುಗಳನ್ನೇ ತೆಗೆದು 1960ರ ದಶಕದಲ್ಲಿ ಮತ್ತೆ ಮಾಡಿದ ಮಾಲು. ಅವತ್ತು ತುಂಬಾ ನೋವಾಯ್ತು, ಅವತ್ತಿಂದ ತಳ ಸವರಿ ನೋಡ್ದೆ ದುಡ್ಡು ಕೊಡಲ್ಲ.

ಆಮೇಲೆ ಸವೆತ. ನೂರು ವರ್ಷ ಮೇಜು, ಕಪಾಟಿನ ಮೇಲೆ ಎಳೆದಾಡಿದ ಗಾಜಿನ ತಳದಲ್ಲಿ ಕೂದಲೆಳೆಯಂಥ ಗೀರು ದಿಕ್ಕುದಿಕ್ಕಿಗೆ ಇರತ್ತೆ. ಎಲ್ಲಾ ಗೀರು ಒಂದೇ ಕಡೆ ನೇರ ಹೋಗಿದ್ರೆ ಯಾರೋ ಉಪ್ಪುಕಾಗದ ಉಜ್ಜಿದಾರೆ ಅಂತ ಅನುಮಾನ ಪಡಿ.

ದ್ರಾಕ್ಷಿ ಡಿಸೈನ್ ಮಾತ್ರ ಕಷ್ಟ, ಯಾಕಂದ್ರೆ ಆಗ ಎಲ್ಲಾ ಕಂಪನಿಯೋರೂ ದ್ರಾಕ್ಷಿ ಹಿಂದೆನೇ ಬಿದ್ದಿದ್ರು, ನಾರ್ತ್‌ವುಡ್‌ನ ಗ್ರೇಪ್ ಅಂಡ್ ಕೇಬಲ್ ಅನ್ನೋ ದ್ರಾಕ್ಷಿ ಡಿಸೈನ್ ಥರದ್ದೇ ಫೆಂಟನ್ ಕೂಡ ಮಾಡ್ತು. ಹಾಗಾಗಿ ಒಳಗಿನ ಚಿತ್ರ ಒಂದೇ ಸಾಲದು, ಹೊರಗಿನ ಡಿಸೈನೂ ಬೌಲ್ ನಿಲ್ಲೋ ಕಾಲಿನ ಆಕಾರವೂ ಸೇರಿಸಿ ಹೋಲಿಸ್ಬೇಕು. ಆ ನೆರಿಗೆಯನ್ನ ಬಿಸಿ ಗಾಜಿನ ಮೇಲೆ ಕೆಲಸಗಾರರು ಒಂದೊಂದಾಗಿ ಕೈಯಲ್ಲೇ ಮಾಡ್ತಿದ್ರು, ಅದಕ್ಕೇ ಒಂದೇ ಅಚ್ಚಿನ ಎರಡು ಬೌಲ್ ಕೂಡ ಒಂದೇ ಥರ ಇರಲ್ಲ, ನನಗೆ ಇದರಲ್ಲಿ ಪ್ರೀತಿ ಹುಟ್ಟಿದ್ದೇ ಅದರಿಂದ.

ಬೆಲೆ ವಿಷ್ಯ: 400 ಅನ್ನೋದು ಕೇಳಿದ ಬೆಲೆ, ಕೊಟ್ಟ ಬೆಲೆ ಅಲ್ಲ. ಇ-ಬೇನಲ್ಲಿ ಮಾರಾಟ ಆದವನ್ನ ಮಾತ್ರ ತೋರ್ಸೋ ಫಿಲ್ಟರ್ ಹಾಕಿ. ಸಾಮಾನ್ಯ ಮಾರಿಗೋಲ್ಡ್ ಬೌಲ್ ಚೆನ್ನಾಗಿದ್ರೆ 20ರಿಂದ 50 ಡಾಲರ್, ನೀವು ಕೊಟ್ಟ 12ಕ್ಕೆ ಮೋಸ ಇಲ್ಲ. ಅಂಚಲ್ಲಿ ಚಕ್ಕೆ ಎದ್ದಿದ್ಯಾ ಅಂತ ಉಗುರಿಂದ ನಿಧಾನ ಸುತ್ತ ಹಾಯಿಸಿ, ಇದ್ರೆ ಬೆಲೆ ಅರ್ಧಕ್ಕಿಂತ ಕೆಳಗೆ. ದಯವಿಟ್ಟು ಡಿಶ್‌ವಾಷರ್‌ಗೆ ಹಾಕ್ಬೇಡಿ, ಹಿತ್ತಾಳೆ ಪಾತ್ರೆ ಥರ ಹುಣಸೆಹಣ್ಣು ಹಾಕಿ ತಿಕ್ಕೋದೂ ಬೇಡ, ಉಗುರುಬೆಚ್ಚಗಿನ ಸೋಪ್ ನೀರು, ಮೆತ್ತನೆ ಬಟ್ಟೆ ಅಷ್ಟೇ.

ಇನ್ನೊಂದು, ಊರಿಗೆ ಹೋದಾಗ ಅಜ್ಜಿ ಮನೆ ಶೋಕೇಸನ್ನೂ ನೋಡಿ. ಉತ್ತರ ಪ್ರದೇಶದ ಫಿರೋಜಾಬಾದ್‌ನಲ್ಲೂ ಕಾರ್ನಿವಲ್ ಗ್ಲಾಸ್ ಮಾಡ್ತಿದ್ರು, ಅಮೆರಿಕದ್ದಕ್ಕಿಂತ ತೆಳು, ಹಗುರ, ಆನೆ, ಮೀನು, ಕೈ ಆಕಾರದ ಹೂದಾನಿಗಳು, ಕೆಲವು ಲೋಟಗಳ ತಳದಲ್ಲಿ ಇಂಗ್ಲಿಷಲ್ಲಿ ಜೈನ್ ಅಂತ ಇರತ್ತೆ, ಇಲ್ಲಿನ ಸಂಗ್ರಾಹಕರು ಅದನ್ನ ಹುಡುಕಿ ಕೊಳ್ತಾರೆ.

ನಿಮ್ಮ ಬೌಲ್‌ನ ಒಳಗಿಂದು, ಹೊರಗಿಂದು, ತಳದ್ದು ಮೂರು ಫೋಟೋ ಹಗಲು ಬೆಳಕಲ್ಲಿ ತೆಗೆದು ಹಾಕಿ, ಯಾರ ಅಚ್ಚು ಅಂತ ನೋಡೋಣ.