ಅಡುಗೆ ಖರ್ಚು ಇಳಿಸಬೇಕಾ? ಮೊದಲು ಸಂಜೆ ಆರರಿಂದ ಒಂಬತ್ತರ ಲೆಕ್ಕ ನೋಡಿ

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಇಬ್ಬರು ಮಕ್ಕಳು. ಊಟ ತಿಂಡಿಗೇ ತಿಂಗಳಿಗೆ 18 ಸಾವಿರ ಹೋಗುತ್ತಿದೆ. ಉಳಿತಾಯ ಶುರು ಮಾಡಿದರೂ ಎರಡೇ ತಿಂಗಳಿಗೆ ನಿಂತು ಹೋಗುತ್ತದೆ. ಎಲ್ಲಿಂದ ಹಿಡಿಯಬೇಕು?

ನಮ್ಮದೂ ಶಿವಮೊಗ್ಗವೇ, ವಿನೋಬನಗರ. ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮ ಅತ್ತೆ. 2023ರ ಕೊನೆಯವರೆಗೂ ನಮ್ಮ ಮನೆಯಲ್ಲೂ ಇದೇ ಕಥೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ಮೊದಲನೆಯದಾಗಿ, ದಿನಸಿ ಚೀಟಿಗೆ ಕೈ ಹಾಕಬೇಡಿ. ನಾನು ಅಲ್ಲೇ ಶುರು ಮಾಡಿದ್ದೆ. ಅಕ್ಕಿ ಅಗ್ಗದ್ದು, ಬೇಳೆ ಅಗ್ಗದ್ದು. ಉಳಿದದ್ದು ಮುನ್ನೂರು ರೂಪಾಯಿ. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಡುವುದು ಜಾಸ್ತಿ ಆಯಿತು, ಅಷ್ಟೇ. ಆಮೇಲೆ ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ ಬರೀ ಬರೆದಿಟ್ಟೆ. ಫ್ರಿಜ್ ಮೇಲೊಂದು ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಎಷ್ಟು ಖರ್ಚಾಯಿತು ಅನ್ನೋದರ ಜೊತೆ ಎಷ್ಟು ಗಂಟೆಗೆ ಅನ್ನೋದನ್ನೂ ಬರೆದೆ. ಫೋನ್‌ಪೇಯಲ್ಲಿ ಗಂಟೆ ನಿಮಿಷ ಸಮೇತ ಇರುತ್ತದಲ್ಲ, ಕಷ್ಟವೇನಿಲ್ಲ.

ತಿಂಗಳ ಕೊನೆಗೆ ಕೂಡಿಸಿದರೆ ಒಟ್ಟು 16,200. ಕಿರಾಣಿ 6,200, ಹಾಲು 2,400, ತರಕಾರಿ ಹಣ್ಣು 2,900. ಉಳಿದ 4,700 ರೂಪಾಯಿ ಪೂರ್ತಿ ಸಂಜೆ ಆರರಿಂದ ಒಂಬತ್ತರ ಒಳಗೆ ಹೋಗಿತ್ತು! ಬೇಕರಿ ಪಫ್ಸ್, ದೋಸೆ ಹಿಟ್ಟಿನ ಪ್ಯಾಕೆಟ್, ಮೊಸರಿನ ಪ್ಯಾಕೆಟ್, ಗೋಬಿ, ಹೋಟೆಲ್ ಪಾರ್ಸೆಲ್. ದಣಿದು ಮನೆಗೆ ಬರುತ್ತೇವೆ, ರಾತ್ರಿಗೆ ಏನು ಅಂತ ಗೊತ್ತಿರುವುದಿಲ್ಲ, ಮಕ್ಕಳಿಗೆ ಹಸಿವು. ದುಡ್ಡು ಸೋರುತ್ತಿದ್ದದ್ದು ಅಲ್ಲಿ.

ನನ್ನ ತವರು ಹೊಸನಗರದ ಕಡೆ. ಅಮ್ಮ ಒಂದು ದಿನವೂ "ಏನು ತರಬೇಕು" ಅಂತ ಅಡುಗೆ ಶುರು ಮಾಡಿದವರಲ್ಲ. ಮನೆಯಲ್ಲಿ ಏನಿದೆ ಅಂತ ಮೊದಲು ನೋಡುತ್ತಿದ್ದರು. ಅಟ್ಟದ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ, ಕೆಮ್ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜ, ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ. ಮಳೆ ಹಿಡಿದು ವಾರಗಟ್ಟಲೆ ಪೇಟೆಗೆ ಹೋಗಲಾಗದಿದ್ದರೂ ಊಟಕ್ಕೆ ಏನೂ ಕೊರತೆ ಆಗುತ್ತಿರಲಿಲ್ಲ. ಪೇಟೆಯ ಮನೆಯಲ್ಲಿ ಅಟ್ಟ ಎಲ್ಲಿಂದ ಬರಬೇಕು? ಆದರೆ ಆ ನೋಡುವ ರೂಢಿಯನ್ನು ಇಲ್ಲಿಗೂ ತರಬಹುದು. ಈಗ ರಾತ್ರಿ ಪಾತ್ರೆ ತೊಳೆದ ಮೇಲೆ ಫ್ರಿಜ್ ತೆಗೆದು ನೋಡುತ್ತೇನೆ. ನಾಳೆ ರಾತ್ರಿ ಇಂಥದ್ದೇ ಅಂತ ಆಗಲೇ ತೀರ್ಮಾನ. ಕಾಳು ನೆನೆಸುವುದಿದ್ದರೆ ಬೆಳಿಗ್ಗೆ ಹೊರಡುವ ಮುಂಚೆ ನೆನೆಸುತ್ತೇನೆ, ಹಾಲಿಗೆ ಹೆಪ್ಪು ರಾತ್ರಿಯೇ. ಐದು ನಿಮಿಷದ ಕೆಲಸ.

ಇನ್ನು ತೀರಾ ಸುಸ್ತಾದ ದಿನಕ್ಕೆ ಹದಿನೈದು ನಿಮಿಷದ ಒಂದು ಅಡುಗೆ ಕೈಯಲ್ಲಿರಲೇಬೇಕು. ನಮ್ಮಲ್ಲಿ ಅದು ದೊಡ್ಡಪತ್ರೆ ತಂಬುಳಿ. ಹತ್ತು ಹನ್ನೆರಡು ಎಲೆ ಸಾಕು. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದರಲ್ಲೇ ಎಲೆ ಬಾಡಿಸಿ. ಎಲೆ ಮೆತ್ತಗಾಗಿ ಹಸಿ ವಾಸನೆ ಹೋಗಬೇಕು. ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ. ಕುದಿಸೋದು ಬೇಡ. ಬಿಸಿ ಅನ್ನ, ತಂಬುಳಿ, ಎರಡು ಹಪ್ಪಳ ಇದ್ದರೆ ನಮ್ಮ ಚಿಕ್ಕವಳು ಎರಡು ಸಲ ಬಡಿಸಿಕೊಳ್ಳುತ್ತಾಳೆ. ಪಾರ್ಸೆಲ್ ತರಲು ಹೋಗಿ ಬರುವಷ್ಟರಲ್ಲಿ ಊಟವೇ ಮುಗಿದಿರುತ್ತದೆ.

ತರಕಾರಿ ವಾರಕ್ಕೆ ಒಂದೇ ಸಲ. ತರಲು ಹೊರಡುವ ಮುಂಚೆ ತಳದ ಡಬ್ಬಿಯಲ್ಲಿ ಉಳಿದದ್ದೆಲ್ಲ ಒಂದು ಹುಳಿಗೆ. ಮುಂಚೆ ಪ್ರತಿ ಭಾನುವಾರ ಕೊಳೆತ ಕೊತ್ತಂಬರಿ ಸೊಪ್ಪು, ಬಣ್ಣ ತಿರುಗಿದ ಕಾಯಿಕಡಿ ಎಸೆಯುತ್ತಿದ್ದೆ. ಈಗಿನ ಕಾಯಿ ಬೆಲೆಯಲ್ಲಿ ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಹೋಟೆಲ್ ಪೂರ್ತಿ ಬಿಡಬೇಡಿ. ನಾವು ತಿಂಗಳಿಗೆ ಎರಡು ಶನಿವಾರ ಹೋಗುತ್ತೇವೆ, ಮಕ್ಕಳು ಕಾಯುತ್ತಿರುತ್ತಾರೆ. ಆ 4,700 ಈಗ 1,500ಕ್ಕೆ ಬಂದಿದೆ.

ಉಳಿತಾಯ ಎರಡು ತಿಂಗಳಿಗೇ ನಿಲ್ಲುತ್ತದೆ ಅಂದಿರಿ. ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಜೂನ್ ಬಂದರೆ ಸ್ಕೂಲ್ ಫೀಸ್, ಆಮೇಲೆ ಗೌರಿ ಗಣೇಶ, ದೀಪಾವಳಿ. ಇವೆಲ್ಲ ಬರುವುದು ಮೊದಲೇ ಗೊತ್ತು, ಆದರೂ ಬಂದಾಗ ಉಳಿತಾಯಕ್ಕೇ ಕೈ ಹಾಕುತ್ತೇವೆ, ಅಲ್ವಾ? ಅಡಿಕೆ ಮನೆಗಳಲ್ಲಿ ದುಡ್ಡು ಬರುವುದೇ ವರ್ಷಕ್ಕೊಮ್ಮೆ. ಅಪ್ಪ ಮಂಡಿಯಿಂದ ಬಂದ ದಿನವೇ ಫೀಸಿನದು, ಬಟ್ಟೆಯದು, ಆಳಿನ ಲೆಕ್ಕದ್ದು ಅಂತ ಬೇರೆ ಬೇರೆ ಕಟ್ಟಿಡುತ್ತಿದ್ದರು. ಸಂಬಳದವರಿಗೆ ತಿಂಗಳು ತಿಂಗಳು ಬರುತ್ತದೆ ಅನ್ನುವ ಧೈರ್ಯ, ಹಾಗಾಗಿ ಕಟ್ಟಿಡುವುದೇ ಇಲ್ಲ. ನಾನು ವರ್ಷದ ಇಂಥ ಖರ್ಚೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದೆ. ಅಷ್ಟು ದುಡ್ಡು ಸಂಬಳದ ದಿನವೇ ಬೇರೆ ಖಾತೆಗೆ ಹೋಗುತ್ತದೆ. ಆ ಖಾತೆಯ ಯುಪಿಐ ನನ್ನ ಫೋನಿನಲ್ಲಿಲ್ಲ.

ಅದು ಬಿಟ್ಟು 2024ರ ಜನವರಿಯಿಂದ ಅಂಚೆ ಕಚೇರಿಯಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ, ತಿಂಗಳಿಗೆ 2,000. ಅದಕ್ಕೂ ಮುಂಚೆ ಬೀದಿಯವರೊಬ್ಬರ ಹತ್ತಿರ ಚೀಟಿ ಹಾಕಿದ್ದೆವು. ಹದಿನಾಲ್ಕು ಕಂತು ಕಟ್ಟಿದ ಮೇಲೆ ಚೀಟಿ ಮುರಿದುಬಿತ್ತು, ಅರ್ಧ ದುಡ್ಡು ವಾಪಸ್ ಬರಲೇ ಇಲ್ಲ. ಆ ನೋವು ಇನ್ನೂ ಇದೆ. ಅಂಚೆಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಒಟ್ಟು 60 ಕಂತು. ನಾನು ಸೇರಿದಾಗ ಬಡ್ಡಿ 6.7 ಪರ್ಸೆಂಟ್. ಆ ದರದಲ್ಲಿ ತಿಂಗಳಿಗೆ ಸಾವಿರ ಕಟ್ಟಿದರೆ ಕಟ್ಟಿದ 60 ಸಾವಿರಕ್ಕೆ ಐದು ವರ್ಷಕ್ಕೆ 71 ಸಾವಿರದ ಮೇಲೆ ಬರುತ್ತದೆ. ಹನ್ನೆರಡು ಕಂತು ತಪ್ಪದೆ ಕಟ್ಟಿದ ಮೇಲೆ ತೀರಾ ತುರ್ತು ಬಂದರೆ ಖಾತೆಯಲ್ಲಿರುವ ದುಡ್ಡಿನ ಅರ್ಧದವರೆಗೆ ಸಾಲವೂ ಸಿಗುತ್ತದೆ, ಹಾಗಾಗಿ ಖಾತೆ ಮುರಿಯಬೇಕಿಲ್ಲ. ನಿಮ್ಮ ಕೈಲಿ ಮೂರು ಸಾವಿರ ಆಗುತ್ತೆ ಅನ್ನಿಸಿದರೆ ಎರಡರಿಂದ ಶುರು ಮಾಡಿ. ಕಂತು ತಪ್ಪದಿರುವುದು ಮುಖ್ಯ.

ಈ ತಿಂಗಳು ಏನನ್ನೂ ಕಡಿಮೆ ಮಾಡಬೇಡಿ, ಗಂಟೆ ಸಮೇತ ಬರೆದಿಡಿ. ಆರರಿಂದ ಒಂಬತ್ತರ ಲೆಕ್ಕ ಎಷ್ಟು ಬಂತು ಅಂತ ಇಲ್ಲೇ ಹೇಳಿ, ಒಟ್ಟಿಗೆ ನೋಡೋಣ. ದೊಡ್ಡಪತ್ರೆ ಒಂದು ಟೊಂಗೆ ಕುಂಡದಲ್ಲಿ ಚುಚ್ಚಿದರೂ ಬರುತ್ತದೆ. ಬೇಕಿದ್ದರೆ ಕೇಳಿ, ನಮ್ಮ ಮನೆಯಲ್ಲಿ ಬೇಕಾದಷ್ಟಿದೆ.